ಸಿಸ್ಟರ್ ಹಾಕಿದ ಗಂಟು

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಬೋಟಿನ ಲಂಗರು ಸಮುದ್ರದ ತಳದ ಬಂಡೆಗೆ ಸಿಕ್ಕಿಕೊಂಡಿತು. ಹೊತ್ತು ಗೊತ್ತಿರುವುದು ನಾನು ಗಂಡನಿಗೆ ಆಗಷ್ಟೇ ಕಳಿಸಿದ್ದ ಫೋಟೋದಿಂದ. ಅದು ಅವನ ಫೋನಿನಲ್ಲಿ ಈಗಲೂ ಇದೆ. ಸಿಸ್ಟರ್ ಒಂದು ಶೇರಿ ಮೀನನ್ನು ಎತ್ತಿ ಹಿಡಿದು ನಗುತ್ತಿದ್ದಾರೆ. ಅವರ ಹಿಂದೆ, ಬೋಟಿನ ಮಾಲೀಕ ಬಗ್ಗಿ ಹಗ್ಗ ಎಳೆಯುತ್ತಿದ್ದಾನೆ...

ಕಳೆದ ಶುಕ್ರವಾರ ಸಿಂಕ್ ಸೋರುತ್ತಿತ್ತು. ಕೆಳಗಿನ ಕಪಾಟು ಖಾಲಿ ಮಾಡುವಾಗ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಆ ದಿನ ನನ್ನ ಒದ್ದೆ ಬಟ್ಟೆಗಳನ್ನು ಆಸ್ಪತ್ರೆಯವರು ತುಂಬಿಸಿಕೊಟ್ಟ ಚೀಲ. ಮನೆಗೆ ತಂದವಳು ಅದನ್ನು ಬಿಚ್ಚಿಯೇ ಇರಲಿಲ್ಲ. ಬಿಚ್ಚಿದ ಕೂಡಲೇ ಗಾಳಕ್ಕೆ ಚುಚ್ಚುವ ಬೊಂಡಾಸು ಮೀನಿನ ಹಳಸಿದ ವಾಸನೆ ಅಡುಗೆಮನೆ ತುಂಬ ಹರಡಿತು. ಬಟ್ಟೆಗಳ ನಡುವೆ ಗಾಳದ ದಾರ ಸುತ್ತಿದ ಹಳದಿ ಪ್ಲಾಸ್ಟಿಕ್ ರಿಂಗು. ಅದು ಸಿಸ್ಟರದ್ದು.

ಗಲ್ಫಿನಲ್ಲಿ, ಅಲ್ ಕುಸೈಸಿನ ನಮ್ಮ ಕಟ್ಟಡದಲ್ಲಿ ಅವರದು ಎದುರಿನ ಫ್ಲ್ಯಾಟು. ಊರು ಉಡುಪಿಯ ಕಡೆ, ಮನೆಮಾತು ಕೊಂಕಣಿ, ಕೆಲಸ ನರ್ಸು. ಹಾಗಾಗಿ ಇಡೀ ಕಟ್ಟಡಕ್ಕೆ ಅವರು ಸಿಸ್ಟರ್. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ಮಂಗಳೂರಿನಲ್ಲಿ ನರ್ಸಾಗಿದ್ದಳು. ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನನ್ನು ಅವರು ಕರೆಯುತ್ತಿದ್ದದ್ದು 'ಟೀಚರ್' ಎಂದು. ಸಿಟ್ಟು ಬಂದರೆ 'ಮಾರಾಯ್ತಿ'.

ರಜೆಯ ದಿನ ಬೇರೆ ಹೆಂಗಸರು ಮಾಲಿಗೆ ಹೋದರೆ ಇವರು ಸಮುದ್ರಕ್ಕೆ ಹೋಗುತ್ತಿದ್ದರು. ರಾಡು ಹಿಡಿದು ನಿಲ್ಲುವವರನ್ನು ಕಂಡರೆ ಅವರಿಗೆ ನಗು. ಅವರದು ಕೈಗಾಳ. ದಪ್ಪ ನೈಲಾನ್ ದಾರ, ತುದಿಗೆ ಸೀಸದ ಗುಂಡು, ಅದರ ಮೇಲೆ ಗಿಡ್ಡ ದಾರಗಳಲ್ಲಿ ಎರಡು ಗಾಳ, ಗಾಳಕ್ಕೆ ಬೊಂಡಾಸಿನ ತುಂಡು. ದಾರದುದ್ದಕ್ಕೂ ಕೆಲವು ಮಾರಿಗೊಂದರಂತೆ ಕೆಂಪು ನೂಲು ಕಟ್ಟಿದ್ದರು. ಎಷ್ಟು ಆಳಕ್ಕೆ ಇಳಿಯಿತೆಂದು ಅದರಿಂದ ತಿಳಿಯುತ್ತಿತ್ತು.

"ನೀರಿಗೂ ಮಾಳಿಗೆ ಉಂಟು ಟೀಚರ್, ನಮ್ಮ ಬಿಲ್ಡಿಂಗಿನ ಹಾಗೆ" ಎನ್ನುತ್ತಿದ್ದರು. "ಹಮ್ಮೂರ್ ಮೀನು ಗ್ರೌಂಡ್ ಫ್ಲೋರು, ಕಲ್ಲಿನ ಸಂದಿಯಲ್ಲಿ. ಶೇರಿ ಅದರ ಮೇಲೆ. ಬೇರೆಯವರ ಮಾಳಿಗೆಯಲ್ಲಿ ಬೆಲ್ ಒತ್ತಿದರೆ ಯಾರು ಬಾಗಿಲು ತೆಗೀತಾರೆ?"

ಗುಂಡು ತಳ ಮುಟ್ಟಿದ್ದು ಬೆರಳಿಗೇ ತಿಳಿಯಬೇಕು. ಮುಟ್ಟಿದ ಕೂಡಲೇ ಒಂದೆರಡು ಮಾರು ಮೇಲೆಳೆದು ನಿಲ್ಲಿಸಬೇಕು, ಇಲ್ಲದಿದ್ದರೆ ಗಾಳ ಕಲ್ಲಿನ ಪಾಲು. ಸೆಳೆತ ಹೆಚ್ಚಿದ್ದರೆ ಭಾರದ ಗುಂಡು. ಮೀನು ಕುಟುಕಿದಾಗ ಆತುರ ಬೇಡ, ಎರೆಯನ್ನು ಬಾಯಿಗೆಳೆದುಕೊಂಡು ತಿರುಗುವವರೆಗೆ ಕಾಯಬೇಕು... ಇದೆಲ್ಲ ಅವರು ನಮ್ಮ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ಬಂಡೆಯಾಗಿಸಿ ಕಲಿಸಿದ್ದು. ಅವರ ನಿಯಮ ಒಂದೇ. ದಾರವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು. "ಮೀನು ದೊಡ್ಡದಾದರೆ ನಿನ್ನನ್ನೇ ಕೊಂಡುಹೋಗ್ತದೆ ಮಾರಾಯ್ತಿ."

ಸ್ವಂತ ಬೋಟು ಇಲ್ಲದ್ದೇ ಅವರ ದೊಡ್ಡ ಕಷ್ಟ. ಬೋಟಿದ್ದದ್ದು ಅಲ್ ಕೂಜ್‌ನಲ್ಲಿ ಗ್ಯಾರೇಜ್ ನಡೆಸುವ ನಮ್ಮೂರ ಕಡೆಯವನಿಗೆ. ಅವನು ಕರೆದರೆ ಸಿಸ್ಟರಿಗೆ ಸಮುದ್ರ, ಇಲ್ಲದಿದ್ದರೆ ಇಲ್ಲ. ಇನ್ನು ಕೆಲವೇ ತಿಂಗಳಿಗೆ ಅವರ ಕೆಲಸ ಮುಗಿದು ವೀಸಾ ರದ್ದಾಗುವುದಿತ್ತು. ಹಾಗಾಗಿ ಅವನ ಯಾವ ಮಾತಿಗೂ ಅವರು ಎದುರು ಹೇಳುತ್ತಿರಲಿಲ್ಲ. ಇದಕ್ಕಾಗಿ ಅವರ ಮೇಲೂ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದೆನ್ನುವವರು ಆ ನೀರಿನಲ್ಲಿ ಇರಲಿಲ್ಲ.

ಆ ಶನಿವಾರ ನನ್ನ ಗಂಡನೂ ಬರಬೇಕಿತ್ತು. ಡ್ಯೂಟಿ ಬಿತ್ತು. ಹೋದದ್ದು ನಾವು ಮೂವರೇ. ಹತ್ತುವಾಗಲೇ ನಾನು ಲೈಫ್ ಜಾಕೆಟ್ ಕೇಳಿದೆ. ಅವು ಮುಂದಿನ ಪೆಟ್ಟಿಗೆಯಲ್ಲಿ, ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು.

"ಬಿಚ್ಚಬೇಡಿ ಟೀಚರ್, ಮೀನಿನ ವಾಸನೆ ಹಿಡೀತದೆ. ಚೆಕ್ಕಿಂಗಿಗೆ ಬಂದರೆ ತೋರಿಸ್ಲಿಕ್ಕೆ ಹೊಸತೇ ಇರಲಿ" ಎಂದ. ಸಿಸ್ಟರ್ ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು. ಸುಮ್ಮನಿರು ಎಂದರ್ಥ.

ಲಂಗರು ಸಿಕ್ಕಿಕೊಂಡಾಗ ಶಮಾಲ್ ಗಾಳಿ ಏಳುತ್ತಿತ್ತು. ಕೈಯಿಂದ ಎಳೆದು ಸೋತ ಅವನು ಹಗ್ಗವನ್ನು ತಂದು ಬೋಟಿನ ಹಿಂಬದಿಗೆ ಕಟ್ಟಿದ. ಎಂಜಿನ್ನಿನ ಬಲದಿಂದ ಕೀಳುವ ಯೋಚನೆ. ಎಂಜಿನ್ನಿನ ಭಾರಕ್ಕೆ ಹಿಂಬದಿ ಮೊದಲೇ ತಗ್ಗಿತ್ತು. ಬೊಂಡಾಸು ಕುಯ್ಯುವ ಚೂರಿ ಹಿಡಿದು ಸಿಸ್ಟರ್ ಎದ್ದರು.

"ಹಗ್ಗ ಕಡಿಯುವ, ಅಣ್ಣಾ. ಲಂಗರು ಹೋದರೆ ಹೋಗ್ಲಿ, ಖಲಾಸ್."

"ನೀವು ಇಂಜೆಕ್ಷನ್ ಕೊಡಿ ಸಿಸ್ಟರ್, ಬೋಟು ನಾನು ನೋಡ್ತೇನೆ" ಎಂದು ಅವನು ನಕ್ಕ.

ಅವರು ಕೂತರು. ಚೂರಿ ಕೈಯಲ್ಲೇ ಇತ್ತು. ನನ್ನ ತಲೆಯೊಳಗೆ ಅವರು ಎಷ್ಟೋ ಸಲ ಆ ಹಗ್ಗ ಕಡಿದಿದ್ದಾರೆ...

ಅವನು ಎಂಜಿನ್ ಜೋರು ಮಾಡಿದ. ಹಗ್ಗ ಸೆಟೆದು ಹಿಂಬದಿಯನ್ನು ಕೆಳಗೆಳೆಯಿತು. ಒಂದು ಅಲೆ ಒಳಗೆ ಬಂತು. ಅದನ್ನು ಹೊರಚೆಲ್ಲುವ ಮೊದಲೇ ಇನ್ನೊಂದು. ಬೋಟು ಮಗುಚಿಕೊಂಡಿತು. ಕವರಿನೊಳಗಿನ ಹೊಸ ಜಾಕೆಟ್‌ಗಳು ಪೆಟ್ಟಿಗೆಯಲ್ಲೇ ಉಳಿದವು.

ನನಗೆ ಈಜು ಬರುವುದಿಲ್ಲ. ಕುತ್ತಿಗೆಯ ಬಟ್ಟೆ ಹಿಡಿದು ನನ್ನನ್ನು ಮೇಲೆಳೆದದ್ದು ಸಿಸ್ಟರ್. ಮೀನಿನ ಐಸ್ ಬಾಕ್ಸ್ ತೇಲುತ್ತಿತ್ತು, ಅವರ ಗಾಳದ ರಿಂಗು ಅದರ ಹಿಡಿಗೆ ಸಿಕ್ಕಿಕೊಂಡಿತ್ತು. ಆ ಕಡೆ ಅವರು, ಈ ಕಡೆ ನಾನು, ಹಿಡಿಗೆ ಜೋತುಬಿದ್ದೆವು. ಅವನು ಸ್ವಲ್ಪ ದೂರದಲ್ಲಿ ಮಗುಚಿದ ಬೋಟಿನ ಮೇಲೆ ಹತ್ತಿ ಮಲಗಿದ್ದ. ಎಷ್ಟು ಹೊತ್ತು ಕಳೆಯಿತೋ ತಿಳಿಯದು. ನನ್ನ ಬೆರಳುಗಳು ಮರಗಟ್ಟಿ ಜಾರತೊಡಗಿದವು. ಉಪ್ಪುನೀರಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

"ಕೈ ಕೊಡು ಮಾರಾಯ್ತಿ" ಎಂದದ್ದು ಕೇಳಿತು. ಮಣಿಕಟ್ಟಿನ ಸುತ್ತ ದಾರ ಕೊರೆದಂತಾಯಿತು. ದೊಡ್ಡ ಅಲೆಯೊಂದು ತಲೆಯ ಮೇಲೆ ಹಾದುಹೋಯಿತು. ಕಣ್ಣು ಬಿಟ್ಟಾಗ ಬಾಕ್ಸಿನ ಆ ಕಡೆ ಯಾರೂ ಇರಲಿಲ್ಲ. ಅವರ ನೀಲಿ ತಲೆವಸ್ತ್ರ ದೂರದಲ್ಲಿ ಒಮ್ಮೆ ಕಂಡಿತು, ಇನ್ನೊಮ್ಮೆ ಕಂಡಿತು... ನಾನು ಆ ಕಡೆ ಕೈ ಚಾಚಿದಾಗಲೆಲ್ಲ ದಾರ ನನ್ನನ್ನು ಬಾಕ್ಸಿಗೇ ಎಳೆಯಿತು. ಕೋಸ್ಟ್ ಗಾರ್ಡಿನವರು ಬಂದಾಗ ಗಂಟು ಬಿಚ್ಚಲಾಗದೆ ದಾರವನ್ನೇ ಕತ್ತರಿಸಬೇಕಾಯಿತು. ಸಿಸ್ಟರ್ ಮರುದಿನ ಸಿಕ್ಕಿದರು.

ಶ್ರದ್ಧಾಂಜಲಿ ಸಭೆಯಲ್ಲಿ ಬೋಟಿನವನೇ ಮುಖ್ಯ ಮಾತುಗಾರ. ಲಂಗರಿನ ವಿಷಯ ಬರಲಿಲ್ಲ, ಜಾಕೆಟ್ಟಿನ ವಿಷಯವೂ ಬರಲಿಲ್ಲ. "ಪಾಪ, ಹೆದರಿಬಿಟ್ಟರು. ಎರಡೂ ಕೈ ಬಿಟ್ಟದ್ದು ನಾನೇ ಕಣ್ಣಾರೆ ನೋಡಿದೆ. ಸ್ವಲ್ಪ ಧೈರ್ಯ ಮಾಡಿದ್ದರೆ ಇವತ್ತು ನಮ್ಮ ಜೊತೆ ಇರ್ತಿದ್ದರು" ಎಂದು ಕಣ್ಣೊರೆಸಿಕೊಂಡ. ನಾನು ಎದ್ದು ಹಗ್ಗದ ವಿಷಯ ಹೇಳಿದೆ, ಪೊಲೀಸರಿಗೂ ಹೇಳಿದ್ದೇನೆಂದೆ. ಯಾರೋ ಬೆನ್ನು ಸವರಿ ನೀರು ಕೊಟ್ಟರು. "ಟೀಚರ್ ಇನ್ನೂ ಶಾಕಿನಲ್ಲಿದ್ದಾರೆ" ಎಂದು ನನ್ನೆದುರೇ ಒಬ್ಬರಿಗೊಬ್ಬರು ಹೇಳಿಕೊಂಡರು. ಆದರೆ ಸಿಸ್ಟರ್ ಹೆದರಲಿಲ್ಲವೆಂದು ನಾನು ಆಣೆ ಮಾಡಿ ಹೇಳುವಂತಿರಲಿಲ್ಲ. ಆ ಗಳಿಗೆ ನಾನು ಕಣ್ಣು ಮುಚ್ಚಿದ್ದೆ. ಆ ಗಳಿಗೆಯನ್ನೇ ನೆನೆನೆನೆದು ಎಷ್ಟೋ ರಾತ್ರಿ ನಿದ್ದೆಗೆಟ್ಟೆ.

ಈಗ ಅವನು ಹೊಸ ಬೋಟು ತೆಗೆದುಕೊಂಡಿದ್ದಾನೆ. ನೆನಪಿಗಾಗಿ ಅದಕ್ಕೆ ಸಿಸ್ಟರ ಹೆಸರನ್ನೇ ಇಟ್ಟಿದ್ದಾನೆ, ದೊಡ್ಡ ಅಕ್ಷರದಲ್ಲಿ. ಊರಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರೂ ಕೈ ಮುಗಿದರು. ಅದಕ್ಕೇ ನಾನು ಇಲ್ಲಿ ಅವರ ಹೆಸರು ಬರೆಯುವುದಿಲ್ಲ.

ಕಳೆದ ಶುಕ್ರವಾರ ಆ ರಿಂಗಿನ ಫೋಟೋ ತೆಗೆದು, ಬೇಕಾದರೆ ಕಳಿಸುತ್ತೇನೆಂದು ಅವರ ಮಗಳಿಗೆ ಬರೆದೆ. ಫೋಟೋದಲ್ಲಿ ರಿಂಗಿನ ಜೊತೆಗೆ ನನ್ನ ಮಣಿಕಟ್ಟಿನಿಂದ ಕತ್ತರಿಸಿದ ದಾರದ ತುಂಡೂ ಇತ್ತು. ಕುಣಿಕೆ ಒಂದು ಬದಿಯಲ್ಲಿ ತುಂಡಾಗಿದ್ದರೂ ಗಂಟು ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಅವಳದ್ದೇ ಫೋನು ಬಂತು.

"ಟೀಚರ್, ಇದು ಅಮ್ಮ ಗಾಳಕ್ಕೆ ಹಾಕುವ ಗಂಟು. ಇದನ್ನು ನಿಮ್ಮ ಕೈಗೆ ಹಾಕಿದ್ದಾ?"

"ಹೌದು. ನೀರಿನಲ್ಲಿ, ತೇಲ್ತಾ ಇದ್ದಾಗ."

ಅವಳ ಹಿಂದೆ ಯಾವುದೋ ವಾರ್ಡಿನ ಗಲಾಟೆ ಕೇಳುತ್ತಿತ್ತು.

"ಚಿಕ್ಕವಳಿದ್ದಾಗ ನನಗೆ ಕಲಿಸಿದ್ದರು. ಐದು ಸುತ್ತು ಸುತ್ತಿ, ತುದಿಯನ್ನು ಒಳಗಿಂದ ತೂರಿಸಿ ಎಳೀಬೇಕು. ಒಂದು ಕೈಯಲ್ಲಿ ಆಗುದೇ ಇಲ್ಲ ಟೀಚರ್. ಎರಡೂ ಕೈ ಬೇಕು."

ಸಿಸ್ಟರ್ ಎರಡೂ ಕೈ ಬಿಟ್ಟದ್ದನ್ನು ಅವನು ನೋಡಿದ್ದು ನಿಜ.

ಆ ರಾತ್ರಿ ನಾನು ಮೊದಲ ಬಾರಿಗೆ ಬೆಳಗಿನವರೆಗೆ ಎಚ್ಚರಗೊಳ್ಳದೆ ಮಲಗಿದೆ. ಎದ್ದು ಬಾಗಿಲು ತೆರೆದಾಗ ಎದುರು ಫ್ಲ್ಯಾಟಿನ ಹೊಸಬರು ಮಗುವನ್ನು ಶಾಲೆಯ ಬಟ್ಟೆಯಲ್ಲಿ ಅಲ್ಲ, ಆಟದ ಬಟ್ಟೆಯಲ್ಲಿ ಹೊರಡಿಸುತ್ತಿದ್ದರು. ಆಗ ಹೊಳೆಯಿತು, ಅಂದೂ ಶನಿವಾರ, ನಾವು ಬೋಟು ಹತ್ತಿದ ದಿನದ ಹಾಗೆ.