ಪಕ್ಕದ ಸೀಟಿಗೆ ಜನ ಇದ್ದಾರೆ

ನಾನು ಬೇಡಿದ್ದನ್ನು ದಂಡಿನ ಮಾರಮ್ಮ ಕೊಟ್ಟಳು. ನನ್ನ ತಂಗಿ ಉಳಿಯಲಿಲ್ಲ. ಈ ಎರಡನ್ನೂ ಒಟ್ಟಿಗೆ ಬರೆದರೆ ತಾಯಿಯನ್ನು ನಂಬಿದ ನಿಮಗೆಲ್ಲ ಇದೇನು ಹೀಗೆ ಎನಿಸಬಹುದು. ಆದರೆ ನಡೆದದ್ದು ಹಾಗೆಯೇ. ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ನಾನು ಜಯಮ್ಮ. ದೊಡ್ಡೇರಿಯಲ್ಲಿ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತೇನೆ. ನನಗಿಂತ ಏಳು ವರ್ಷ ಚಿಕ್ಕವಳಾದ ತಂಗಿ ಸಾವಿತ್ರಿಯನ್ನು ತಿರುಮಣಿ ಕಡೆಗೆ ಕೊಟ್ಟಿದ್ದೆವು. ಅವಳ ಯಜಮಾನರು ಅಲ್ಲಿ ಸೋಲಾರ್ ಪ್ಲೇಟು ತೊಳೆಯುವ ಕೆಲಸಕ್ಕೆ ಹೋಗುತ್ತಾರೆ. ಚಿಕ್ಕಂದಿನಲ್ಲಿ ಬಂದ ಒಂದು ಜ್ವರದಿಂದ ಸಾವಿತ್ರಿಯ ಎದೆಯ ಕವಾಟ ಕೆಟ್ಟಿತ್ತು. ತುಮಕೂರಿನ ಡಾಕ್ಟರು ತಿಂಗಳಿಗೊಮ್ಮೆ ಬಂದು ತೋರಿಸಲು ಹೇಳಿದ್ದರು. ಅವಳು ಪಾವಗಡದಲ್ಲಿ ಬಸ್ಸು ಹತ್ತುವಳು, ನಾನು ಮಧುಗಿರಿಯಲ್ಲಿ ಅದೇ ಬಸ್ಸಿಗೆ ಹತ್ತುವೆನು. ಅಲ್ಲಿಯವರೆಗೂ ಪಕ್ಕದ ಸೀಟಿನ ಮೇಲೆ ತನ್ನ ಬ್ಯಾಗಿಟ್ಟು, ಕೇಳಿದವರಿಗೆಲ್ಲ "ನಮ್ಮಕ್ಕ ಬರ್ತಾಳೆ" ಎಂದು ಹೇಳಿ ನನಗಾಗಿ ಕಾಯ್ದಿರಿಸುತ್ತಿದ್ದಳು. ನಾನು ಹತ್ತಿದೊಡನೆ, "ಬಾರೇ ಅಕ್ಕಾ, ನಿನ್ನಿಂದ ಎಷ್ಟು ಜನದ ಹತ್ರ ಬೈಸ್ಕಂಡೆ ಗೊತ್ತಾ" ಎನ್ನುವಳು. ಬೇಯಿಸಿದ ಕಡಲೇಕಾಯಿಯ ಡಬ್ಬಿ ತೆಗೆಯುವಳು. ಕೊರಟಗೆರೆ ಬರುವಷ್ಟರಲ್ಲಿ ಡಬ್ಬಿ ಖಾಲಿ.

ಯುಗಾದಿ ಕಳೆದ ಎರಡನೇ ಮಂಗಳವಾರ ನಾನು ಮಧುಗಿರಿಗೆ ಹೋಗಿ, ಸಾವಿತ್ರಿಯ ಹೆಸರಿನಲ್ಲಿ ಮಾರಮ್ಮನಿಗೆ ತಂಬಿಟ್ಟಿನ ಆರತಿ ಮಾಡಿಸಿದೆ. ಹಿಂತಿರುಗುವಾಗ ಸ್ಟ್ಯಾಂಡಿನಲ್ಲಿ ನಮ್ಮೂರ ಮೇಲೆ ಹೋಗುವ ಶಿರಾ ಬಸ್ಸಿಗೆ ಬಹಳ ನೂಕುನುಗ್ಗಲಿತ್ತು. ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿದೆ. ಪ್ರಸಾದದ ಬುಟ್ಟಿಯನ್ನು ಪಕ್ಕದಲ್ಲಿಟ್ಟೆ. ದೇವರದ್ದನ್ನು ಕೆಳಗಿಡಬಾರದು, ನಿಜ. ತೊಡೆಯ ಮೇಲಿಟ್ಟುಕೊಳ್ಳಬಹುದಿತ್ತು. ಮಂಡಿ ನೋಯುತ್ತಿತ್ತು, ಇಟ್ಟುಕೊಳ್ಳಲಿಲ್ಲ.

ಹಸಿರು ಸೀರೆಯ ಒಬ್ಬ ಹೆಂಗಸು ಬಂದು ನಿಂತಳು. ನನ್ನ ಸಾವಿತ್ರಿಯ ವಯಸ್ಸು. ಹಣೆಯ ಮೇಲೆ ಬೆವರು.

"ಇಲ್ಲಿ ಯಾರಾದ್ರೂ ಬರ್ತಾರೇನಕ್ಕಾ?"

"ಜನ ಇದ್ದಾರೆ" ಎಂದುಬಿಟ್ಟೆ.

ಯಾರೂ ಇರಲಿಲ್ಲ. ಬಸ್ಸು ಹೊರಟ ಮೇಲೆ ಕಂಡಕ್ಟರು ಬಂದು ಬುಟ್ಟಿ ನೋಡಿದ. "ಏನಮ್ಮಾ, ಫ್ರೀ ಇರೋದು ನಿಮಗೆ, ನಿಮ್ಮ ಬುಟ್ಟಿಗಲ್ಲ" ಎಂದ. ಸುತ್ತಲಿನವರು ನಕ್ಕರು, ನಾನೂ ನಕ್ಕೆ. "ಮಾರಮ್ಮನ ಪ್ರಸಾದ ಕಣಪ್ಪಾ" ಎಂದೆ. ಅವನು ಬುಟ್ಟಿಗೆ ಕೈ ಮುಗಿದು ಮುಂದೆ ಹೋದ. ಆ ಹೆಂಗಸು ಕಂಬಿಗೆ ಹಣೆ ಒತ್ತಿಕೊಂಡು ನಿಂತಿದ್ದಳು.

ಸ್ವಲ್ಪ ದೂರ ಹೋದ ಮೇಲೆ ಅವಳು ಬಾಗಿಲ ಹತ್ತಿರ ಕುಸಿದು ಕೂತಳು. "ಇಲ್ಲೇ ಇಳಿಸ್ಬುಡಿ ಸಾರ್, ತಲೆ ಸುತ್ತತೈತೆ" ಎಂದದ್ದು ಕೇಳಿಸಿತು. "ಜೊತೇಲಿ ಜನ ಇದ್ದಾರೇನಮ್ಮಾ?" ಎಂದು ಕಂಡಕ್ಟರು ಕೇಳಿದ. "ಯಾರೂ ಇಲ್ಲ" ಎಂದಳು. ನನ್ನ ಹತ್ತಿರ ನೀರಿನ ಬಾಟಲಿಯಿತ್ತು, ಬುಟ್ಟಿ ತುಂಬ ತಂಬಿಟ್ಟಿತ್ತು. ನಾನು ಏಳುವಷ್ಟರಲ್ಲಿ, ಏಳಬೇಕೋ ಬೇಡವೋ ಅನ್ನುವಷ್ಟರಲ್ಲಿ ಎಂದರೇ ಸರಿ, ಬಸ್ಸು ನಿಂತು ಮತ್ತೆ ಹೊರಟಿತ್ತು. ಕಿಟಕಿಯಿಂದ ನೋಡಿದೆ. ರಸ್ತೆಬದಿಯ ಕಲ್ಲಿಗೆ ಒರಗಿ ಕೂತಿದ್ದಳು. ಒಂದು ಚಪ್ಪಲಿಯ ಪಟ್ಟಿಗೆ ಪಿನ್ನು ಹಾಕಿತ್ತು. ಬಿಸಿಲು ನೆತ್ತಿಯ ಮೇಲಿತ್ತು.

ಅಂದು ಸಂಜೆ ಏಳು ಮನೆಗೆ ಪ್ರಸಾದ ಹಂಚಿದೆ.

ಮನಸ್ಸು ತಡೆಯದೆ ಸಾವಿತ್ರಿಗೆ ಫೋನು ಮಾಡಿ ಹೇಳಿದೆ. ಅವಳು ಎಂದೂ ನನಗೆ ಎದುರಾಡಿದವಳಲ್ಲ. ಆದರೆ ಅಂದು, "ಥೂ, ಬುಟ್ಟಿ ಕೂರ್ಸಿ ಮನುಷ್ಯರ್ನ ನಿಲ್ಸಿದ್ಯಾ? ಮಾರಮ್ಮ ಏನು ನಿನ್ನ ಪಕ್ಕ ಕೂತ್ಕಂಡು ಬರ್ತೀನಿ ಅಂತ ಕೇಳಿದ್ಲಾ?" ಎಂದಳು. ಆಮೇಲೆ ಅವಳೇ ಮೆತ್ತಗಾಗಿ, "ಹೋಗ್ಲಿ ಬುಡು. ನಾನೂ ಅಂಗೇ ಮಾಡ್ತಿದ್ನಲ್ಲ. ಇನ್ಮೇಲೆ ಬ್ಯಾಗಿಡಲ್ಲ. ಮಧುಗಿರಿ ಗಂಟ ಯಾರಾದ್ರೂ ಕೂತ್ಕಳ್ಲಿ, ನೀನು ಹತ್ತಿದ್ಮೇಲೆ ಎಬ್ಬಿಸ್ತೀನಿ" ಎಂದಳು.

ಈ ಮಾತನ್ನು ನೆನಪಿಡಿ.

ಒಂದೂವರೆ ತಿಂಗಳು ಕಳೆದು ಒಂದು ಗುರುವಾರ, ಎಂದಿನಂತೆ ಮಧುಗಿರಿ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಪಾವಗಡದ ಬಸ್ಸು ಬಂತು. ಒಂದೊಂದೇ ಕಿಟಕಿ ನೋಡುತ್ತ ನಡೆದೆ. ಸಾವಿತ್ರಿ ಇಲ್ಲ. ಅವಳಿಗೆ ಫೋನು ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಕಂಡಕ್ಟರನ್ನು ಕೇಳಿದೆ.

"ನೇರಳೆ ಸೀರೆನಾ? ಪಾವಗಡ ಬಿಟ್ಟು ಅರ್ಧ ಗಂಟೆಗೆ ಎದೆ ಹಿಡ್ಕಂಡ್ರಮ್ಮಾ. ಹಿಂದೆ ಬರ್ತಿದ್ದ ಕಾರಿಗೆ ಕೈ ಅಡ್ಡ ಹಾಕಿ ವಾಪಸ್ ಪಾವಗಡ ಆಸ್ಪತ್ರೆಗೆ ಕಳಿಸಿದ್ವಿ."

"ಒಬ್ಬಳನ್ನೇನಾ?"

"ಗೊತ್ತಿಲ್ಲಮ್ಮಾ, ಪಕ್ಕದಲ್ಲಿ ಕೂತಿದ್ದೋರು ಎತ್ತಿ ಕಾರು ತಂಕ ಹೋದ್ರು. ಹಿಂದಿನ ಬಸ್ಸು ಹಾರ್ನ್ ಹೊಡೀತಿತ್ತು, ನಾನು ವಿಸಿಲ್ ಊದ್ಬುಟ್ಟೆ."

ಪಾವಗಡದ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ, ಕಂಬಿ ಹಿಡಿದು ನಿಂತೆ. ಊರು ದಾಟುವಾಗ ತಾಯಿಯ ಗುಡಿಯ ದಿಕ್ಕಿಗೆ ತಿರುಗಿ ಕಣ್ಣು ಮುಚ್ಚಿದೆ. "ಉಳಿಸು" ಎನ್ನಲು ಬಾಯಿ ಬರಲಿಲ್ಲ. ಆ ಹಸಿರು ಸೀರೆ, ಪಿನ್ನು ಹಾಕಿದ ಚಪ್ಪಲಿ ಕಣ್ಣ ಮುಂದೆ ಬರುತ್ತಿದ್ದವು. ಯಾವ ಮುಖ ಹೊತ್ತು ಅಷ್ಟು ದೊಡ್ಡದನ್ನು ಕೇಳಲಿ? "ತಾಯೀ, ನಾನು ಮಾಡಿದ್ದನ್ನು ಅವಳ ತಲೆಗೆ ಹಾಕಬೇಡ. ಅವಳು ಒಂಟಿಯಾಗಿರದ ಹಾಗೆ ನೋಡಿಕೋ. ಹತ್ತಿರ ಯಾರಾದರೂ ಇರಲಿ" ಎಂದು ಅಷ್ಟೇ ಬೇಡಿದೆ. ದಾರಿಯುದ್ದಕ್ಕೂ ಅದನ್ನೇ ಬೇಡಿದೆ.

ಅರ್ಧ ದಾರಿಯಲ್ಲಿ ಸಾವಿತ್ರಿಯ ಫೋನಿನಿಂದ ಕರೆ ಬಂತು. ಅವಳ ದನಿಯಲ್ಲ.

"ಏಮ್ಮಾ, ನೀನು ಅಕ್ಕಾನಾ? ನಾನು ಓಬಳಮ್ಮ ಅಂತ. ಫೋನು ಅವಳ ಬ್ಯಾಗಲ್ಲಿತ್ತು, ಈಗ ಕೈಗೆ ಸಿಕ್ತು. ಅವಳ ಗಂಡನ ಫೋನು ಹೋಗ್ತಿಲ್ಲ. ನೀನು ಬಾ. ನಾನಿದೀನಿ, ಎಲ್ಲೂ ಹೋಗಲ್ಲ."

ನಾನು ಆಸ್ಪತ್ರೆ ಮುಟ್ಟಿದಾಗ ಅರ್ಧ ಗಂಟೆ ತಡವಾಗಿತ್ತು. ಬಿಳಿ ಬಟ್ಟೆ ಹೊದಿಸಿದ್ದರು. ಡಾಕ್ಟರು ಎರಡು ಸಲ ಎದೆ ಒತ್ತಿ ನೋಡಿದರಂತೆ, ಬಡಿತ ಮರಳಲಿಲ್ಲವಂತೆ. ಮಂಚದ ಪಕ್ಕ ನೆಲದ ಮೇಲೆ, ಅರವತ್ತು ದಾಟಿದ, ಬರಿಗೊರಳಿನ ಒಬ್ಬ ಹೆಂಗಸು ಕೂತಿದ್ದಳು. ಅವಳ ಮಡಿಲಲ್ಲಿ ನನ್ನ ತಂಗಿಯ ಚಪ್ಪಲಿಗಳಿದ್ದವು. ಬಳೆ, ತಾಳಿ ಎಲ್ಲವನ್ನೂ ತನ್ನ ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಂಡಿದ್ದಳು.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ನಾನು ಕುರಿ ಮೇಯಿಸೋಳು ಕಣಮ್ಮಾ. ನನ್ನ ಬಟ್ಟೆ ವಾಸನೆಗೆ ಬಸ್ಸಲ್ಲಿ ಯಾರೂ ಪಕ್ಕ ಕೂರ್ಸಲ್ಲ. ಇವಳೇ ಕರೆದ್ಲು. ಮಧುಗಿರೀಲಿ ನಮ್ಮಕ್ಕ ಹತ್ತುತಾಳೆ, ಅಲ್ಲೀಗಂಟ ಕೂತ್ಕಳವ್ವಾ ಅಂದ್ಲು. ಕಡ್ಲೇಕಾಯಿ ಕೊಟ್ಲು. ಇನ್ನೂ ಬಾಯಲ್ಲಿತ್ತು, ಪಾಪಂ, ನನ್ನ ಭುಜಕ್ಕೆ ಬಿದ್ಲು. ಇಲ್ಲಿ ನರ್ಸಮ್ಮ, ಪೇಷೆಂಟ್ ಕಡೆ ಜನ ಇದ್ದಾರಾ ಅಂತ ಕೂಗಿದ್ಲು. ಇದ್ದಾರೆ ಅಂದ್ಬುಟ್ಟೆ. ಏನಾಗ್ಬೇಕು ಅಂದ್ಲು. ಅಕ್ಕ ಅಂದೆ. ಹೆಬ್ಬೆಟ್ಟು ಒತ್ತಿದೆ."

ಆಮೇಲಿನದನ್ನು ನನ್ನ ಮುಖ ನೋಡದೆ ಹೇಳಿದಳು.

"ಕೊನೇಲಿ ಅವಳಿಗೆ ಕಣ್ಣು ಕಾಣ್ತಿರಲಿಲ್ಲ. ಅಕ್ಕ ಬಂದ್ಲಾ, ಅಕ್ಕ ಬಂದ್ಲಾ ಅಂತಿದ್ಲು. ಬಂದಿದೀನಿ ಕಣೇ, ಇಲ್ಲೇ ಇದೀನಿ ಅಂತ ಕೈ ಹಿಡ್ಕಂಡೆ. ಆಮೇಲೆ ಕೇಳಲಿಲ್ಲ. ಸುಳ್ಳು ಹೇಳ್ಬುಟ್ಟೆ, ಬೈಬ್ಯಾಡಮ್ಮಾ."

ನಾನು ಅವಳ ಪಾದ ಹಿಡಿದುಕೊಂಡು ಅತ್ತೆ. ಅದೇ ಮಾತನ್ನು ನಾನೂ ಹೇಳಿದ್ದೆ, ಜನ ಇದ್ದಾರೆ ಎಂದು. ನಾನು ಯಾವುದಕ್ಕೆ ಹೇಳಿದೆ, ಅವಳು ಯಾವುದಕ್ಕೆ ಹೇಳಿದಳು!

ಸಂಜೆ ಸಾವಿತ್ರಿಯ ಯಜಮಾನರು ಓಡಿಬಂದ ಮೇಲೆಯೇ ಓಬಳಮ್ಮ ಎದ್ದದ್ದು. ಅವಳ ಬ್ಯಾಗಿನಲ್ಲಿ ಕೆಂಪು ಉಲ್ಲನ್ನಿನ ಒಂದು ಕುಲಾವಿ ಇತ್ತು. ಅಂದು ಕೊಳಾಲದಲ್ಲಿ ಅವಳ ಮೊಮ್ಮಗುವಿಗೆ ತೊಟ್ಟಿಲು ಹಾಕುವ ಶಾಸ್ತ್ರವಿತ್ತಂತೆ. "ಸಾವಿನ ಮನೆ ಮುಟ್ಟಿ ಹಸುಗೂಸಿನ ಹತ್ರ ಹೆಂಗೆ ಹೋಗ್ಲಿ? ಮಿಂದ್ಕಂಡು ಇನ್ನೊಂದಿನ ಹೋಗ್ತೀನಿ. ಮಗು ಎಲ್ಲಿಗೆ ಓಡೋಗತೈತೆ" ಎಂದು ಸುಮ್ಮನೆ ನಕ್ಕಳು.

ತಂಗಿಯ ಕಾರ್ಯವೆಲ್ಲ ಮುಗಿದ ಮೇಲೆ ಓಬಳಮ್ಮನ ಹಟ್ಟಿಗೆ ಹೋದೆ. ಮಾರಮ್ಮನ ಮುಂದಿಟ್ಟು ತಂದಿದ್ದ ಮಡಿಲಕ್ಕಿ, ಕಣ್ಣಳತೆಯಲ್ಲೇ ಹೊಲಿದ ಒಂದು ಬ್ಲೌಸು ಕೊಂಡೊಯ್ದಿದ್ದೆ. ಅವಳು ಸೆರಗು ಹಿಂದಕ್ಕೆಳೆದುಕೊಂಡಳು.

"ಗಂಡ ಸತ್ತೋಳಿಗೆ ಮಡಿಲಕ್ಕಿ ತುಂಬ್ತಾರೇನಮ್ಮಾ? ಜನ ಏನಂತಾರೆ?"

"ಅವತ್ತು ನಮಗೆ ಜನ ಅಂತ ಇದ್ದೋಳು ನೀನೊಬ್ಳೇ ಅಲ್ವಾ ಅವ್ವಾ? ನೀನು ಏನಂತೀಯ ಹೇಳು" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೆರಗು ಚಾಚಿದಳು. ನನ್ನ ತಂಗಿಯ ಚಪ್ಪಲಿ ಇಟ್ಟುಕೊಂಡಿದ್ದ ಆ ಮಡಿಲಿಗೆ ಅಕ್ಕಿ ತುಂಬಿದೆ. ನಾಲ್ಕು ಕಾಳು ಕೆಳಗೆ ಬಿದ್ದವು. ಅವನ್ನೂ ಆಯ್ದು ಹಾಕಿಕೊಂಡಳು.

ತಾಯಿ ನನಗೆ ಕೊಟ್ಟದ್ದು ಇದು. ದೊಡ್ಡದನ್ನು ಕೇಳಿದ್ದರೆ ಕೊಡುತ್ತಿದ್ದಳೋ ಏನೋ, ಈಗಲೂ ರಾತ್ರಿ ಮಗ್ಗುಲು ಬದಲಿಸುವಾಗ ಆ ಯೋಚನೆ ಬರುತ್ತದೆ. ಆದರೆ ನಾನು ಕೇಳಿದ್ದನ್ನು, ಕೇಳುವ ಮೊದಲೇ, ಸಾವಿತ್ರಿಯ ಪಕ್ಕದ ಸೀಟಿನಲ್ಲಿ ಕೂರಿಸಿದ್ದಳು. ಹಸಿರು ಸೀರೆಯ ಆ ತಂಗಿಯನ್ನು ಮಾತ್ರ ಶಿರಾ ರಸ್ತೆಯಲ್ಲಿ ಇಂದಿಗೂ ಹುಡುಕುತ್ತೇನೆ, ಸಿಕ್ಕಿಲ್ಲ. ಅವಳ ಪಕ್ಕಕ್ಕೂ ಯಾರನ್ನಾದರೂ ಕಳಿಸಿದ್ದೆಯಾ ತಾಯೀ ಎಂದು ಪ್ರತಿ ಮಂಗಳವಾರ ಗುಡಿಯಲ್ಲಿ ನಿಂತು ಕೇಳುತ್ತೇನೆ. ಕಳಿಸಿರುತ್ತಾಳೆ ಎಂದು ನಂಬಿದ್ದೇನೆ. ಆ ನಂಬಿಕೆಯಿಲ್ಲದೆ ನನಗೆ ಊಟ ಇಳಿಯದು.

ಓಬಳಮ್ಮನ ಹಟ್ಟಿಯಿಂದ ಹಿಂತಿರುಗುವಾಗ ಪಾವಗಡದಲ್ಲಿ ನಾನೇ ಬಸ್ಸು ಹತ್ತಿದೆ, ಸಾವಿತ್ರಿ ಹತ್ತುತ್ತಿದ್ದ ಅದೇ ಬಸ್ಸು. ಕಿಟಕಿ ಪಕ್ಕ ಕೂತೆ. ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಒಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದು ಕೇಳಿದಳು.

"ಇಲ್ಲಿ ಯಾರಾದ್ರೂ ಬರ್ತಾರಾ ಅಮ್ಮಾ?"

"ಯಾರೂ ಬರಲ್ಲ ಕಣಮ್ಮಾ" ಎಂದೆ. ಸ್ವಲ್ಪ ಸರಿದು ಜಾಗ ಬಿಟ್ಟು, "ಕೂತ್ಕೋ" ಎಂದೆ.