ಕೇಬಲ್ಲಣ್ಣ ಸುದ್ದಿ ತಡೆದ ಮಧ್ಯಾಹ್ನ

ಕೇಬಲ್ಲಣ್ಣನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂಬುದು ನಮ್ಮ ಬೀದಿಗೆಲ್ಲ ಗೊತ್ತಿತ್ತು. ಅದನ್ನೂ ಅವನೇ ಹೇಳಿದ್ದ. ಯಾರ ಮನೆಯ ಟಿವಿ ಕೆಟ್ಟಿದೆ, ಯಾರ ಮನೆಯಲ್ಲಿ ಟಿವಿಗಿಂತ ದೊಡ್ಡದೇನೋ ಕೆಟ್ಟಿದೆ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಏಣಿ ಹೆಗಲಿಗೇರಿಸಿ ಬಂದವನು ತಂತಿಯ ಕೆಲಸವನ್ನು ಚಿಟಿಕೆ ಹೊಡೆಯುವುದರಲ್ಲಿ ಮುಗಿಸಿ, ಸುದ್ದಿಯ ಕೆಲಸಕ್ಕೆ ಮೆಟ್ಟಿಲ ಮೇಲೆ ನಿಧಾನವಾಗಿ ಕೂರುತ್ತಿದ್ದ.

ಅದು ಟಿವಿ ಮನೆಮನೆಗೆ ತಂತಿಯ ಮೇಲೆ ಬರುತ್ತಿದ್ದ ಕಾಲ. ಮೊಬೈಲುಗಳು ಬಂದಿದ್ದವು, ಆದರೆ ಮಾತಾಡಿಸುವುದು ಬಿಟ್ಟರೆ ಅವಕ್ಕೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಕೇಬಲ್ಲಣ್ಣನ ಮನೆಯ ಮುಂದಿನ ಕೋಣೆಯೇ ಕಂಟ್ರೋಲ್ ರೂಮು. ತಾರಸಿಯ ಮೇಲೆ ದೊಡ್ಡ ಡಿಶ್ಶು, ಕೆಳಗೆ ಗೋಡೆಯುದ್ದಕ್ಕೂ ಬಿಸಿ ಉಸಿರು ಬಿಡುವ ಡಬ್ಬಗಳು, ಒಂದು ಪುಟ್ಟ ಟಿವಿ, ಮತ್ತು ದೂರುಗಳನ್ನು ಕೇಳಿಸಿಕೊಳ್ಳಲು ಅವನ ಹೆಂಡತಿ. ಎಲ್ಲಿಂದಲೋ ಬಂದದ್ದನ್ನು ಎಲ್ಲಿಗೋ ದಾಟಿಸುವುದಷ್ಟೇ ಅವನ ಕೆಲಸವಾದರೂ ಮಾತಿನಲ್ಲಿ ಅವನು ಇಡೀ ಪ್ರಸಾರ ಖಾತೆಯ ಮಂತ್ರಿ. "ಚುನಾವಣೆ ಫಲಿತಾಂಶ ನಾವೇ ಮೊದಲು ಕೊಟ್ಟಿದ್ದು," ಎನ್ನುತ್ತಿದ್ದ, ಮತ ಎಣಿಸಿ ಕೈ ತೊಳೆದುಕೊಂಡು ಬಂದವನ ಹಾಗೆ.

ಆ ವರ್ಷ ಗಡಿಯಲ್ಲಿ ಯುದ್ಧ ಶುರುವಾಯಿತು. ಸುದ್ದಿ ಚಾನೆಲ್ಲುಗಳು ಅದಕ್ಕೊಂದು ಹೆಸರಿಟ್ಟವು, ಒಂದು ಸಂಗೀತ ಕೂಡಿಸಿದವು. ನಿವೃತ್ತ ಅಧಿಕಾರಿಗಳು ಮೇಜಿನ ಮೇಲೆ ಆಟಿಕೆ ಟ್ಯಾಂಕುಗಳನ್ನು ಸರಿಸುತ್ತ ಸಂಜೆಗೊಂದರಂತೆ ಬೆಟ್ಟ ಗೆಲ್ಲುತ್ತಿದ್ದರು. ಪ್ರಾಣ ಕೊಟ್ಟ ಸೈನಿಕನ ಮನೆಗೆ ಕ್ಯಾಮೆರಾ ನುಗ್ಗಿ, ನೆಲದ ಮೇಲೆ ಕುಸಿದು ಕೂತ ತಾಯಿಯ ಬಾಯಿಗೆ ಮೈಕು ಹಿಡಿದು, "ನಿಮಗೆ ಹೆಮ್ಮೆ ಅನ್ನಿಸ್ತಿದೆಯಾ?" ಎಂದು ಕೇಳುತ್ತಿತ್ತು. ನಾವೆಲ್ಲ ಊಟದ ತಟ್ಟೆ ಎದುರಿಗಿಟ್ಟುಕೊಂಡು ನೋಡುತ್ತಿದ್ದೆವು. ಕಣ್ಣೊರೆಸಿಕೊಂಡು, ಇನ್ನಷ್ಟು ಬಡಿಸು ಎನ್ನುತ್ತಿದ್ದೆವು.

ನಮ್ಮ ಬೀದಿಯಿಂದಲೂ ಒಬ್ಬ ಹೋಗಿದ್ದ. ಹೊಲಿಗೆಯಮ್ಮನ ಮಗ. ಗಂಡ ತೀರಿಕೊಂಡ ಮೇಲೆ ಆಕೆ ಮುಂಬಾಗಿಲ ಬಳಿ ಮಿಷನ್ನು ಹಾಕಿಕೊಂಡು, ಬೀದಿಯ ಬಟ್ಟೆಗಳನ್ನೆಲ್ಲ ಬಿಗಿ ಮಾಡಿ ಸಡಿಲ ಮಾಡಿ ಸಾಕಿದ ಒಬ್ಬನೇ ಮಗ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸೊಸೆ ಮುಖ್ಯರಸ್ತೆಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಿಸುವ ಕೆಲಸದಲ್ಲಿದ್ದಳು. ಸಂಜೆ ಅತ್ತೆ ಸೊಸೆ ಇಬ್ಬರೂ ಟಿವಿಗೆ ಮೂಗು ತಾಗಿಸಿ ಕೂರುತ್ತಿದ್ದರು.

"ಹೆಲ್ಮೆಟ್ ಹಾಕ್ಕೊಂಡ್ರೆ ಎಲ್ಲರೂ ಒಂದೇ ಥರ ಕಾಣ್ತಾರಲ್ಲಮ್ಮ, ಹೇಗೆ ಗುರುತು ಹಿಡೀತೀರಿ?" ಎಂದು ಕೇಬಲ್ಲಣ್ಣ ಒಮ್ಮೆ ಕೇಳಿದ್ದ.

"ಅವನ ಪ್ಯಾಂಟೆಲ್ಲ ಹೊಲಿದವಳು ನಾನು. ನಡಿಗೆ ಗೊತ್ತಾಗಲ್ವಾ?" ಎಂದಿದ್ದರು ಆಕೆ.

ಆ ಮಧ್ಯಾಹ್ನ ಕಂಟ್ರೋಲ್ ರೂಮಿಗೆ ಒಂದು ಚಾನೆಲ್ಲಿನ ವರದಿಗಾರನ ಫೋನು ಬಂತು. ಯಾವ ಮನೆ ಎಲ್ಲಿದೆ ಎಂದು ಕೇಬಲ್ಲಿನವನಿಗೆ ಅಂಗೈಯಷ್ಟು ಸ್ಪಷ್ಟ. ಆದ್ದರಿಂದ ವಿಳಾಸ ಬೇಕಾದಾಗಲೆಲ್ಲ ವರದಿಗಾರರು ಕೇಳುತ್ತಿದ್ದದ್ದು ಇವನನ್ನೇ. ಇವನಿಗೂ ಅದೊಂದು ಪದವಿ.

"ಗುರು, ನಿಮ್ಮ ಏರಿಯಾದಲ್ಲಿ ಮಿಲಿಟರಿ ಹುಡುಗ ಒಬ್ಬ ಇದ್ದಾನಲ್ಲ, ತಾಯಿ ಬಟ್ಟೆ ಹೊಲೀತಾರಂತೆ. ಯಾವ ಬೀದಿ?"

"ನಮ್ಮ ಬೀದೀನೇ ಸ್ವಾಮಿ! ಮಾರ್ಕೆಟ್ ಹಿಂದೆ, ನೀರಿನ ಟ್ಯಾಂಕ್ ಹತ್ರ ಎಡಕ್ಕೆ ತಿರುಗಿ," ಎಂದು ಇವನು ಉಸಿರು ತೆಗೆದುಕೊಳ್ಳದೆ ಹೇಳಿಬಿಟ್ಟ. ಹೇಳಿಯಾದ ಮೇಲೆ ಕೇಳಿದ: "ಯಾಕೆ, ಪದಕ ಗಿದಕ ಬಂತಾ?"

"ಹೋಗಿಬಿಟ್ಟ ಗುರು. ಬೆಳಗ್ಗೆ. ಇನ್ನೂ ಯಾವ ಚಾನೆಲ್ ಹತ್ರಾನೂ ಇಲ್ಲ. ಇನ್ನೇನು ನಮ್ಮಲ್ಲಿ ಹೆಸರು, ಫೋಟೋ ಹಾಕಿಬಿಡ್ತಾರೆ."

"ಮನೆಯವರಿಗೆ ಗೊತ್ತಾ?"

"ಸೇನೆಯವರು ಹೊರಟಿದ್ದಾರಂತೆ. ನಾವೂ ಹೊರಟಿದ್ದೀವಿ. ಅವರಿಗಿಂತ ಮೊದಲು ಮುಟ್ಟಬೇಕು." ಫೋನು ಕಟ್ಟಾಯಿತು.

ಕೇಬಲ್ಲಣ್ಣ ಗೋಡೆಯತ್ತ ತಿರುಗಿದ. ಸುದ್ದಿಯ ಚಾನೆಲ್ಲುಗಳನ್ನಷ್ಟೇ ನಿಲ್ಲಿಸಿದರೆ ಯುದ್ಧದ ದಿನಗಳಲ್ಲಿ ಜನಕ್ಕೆ ಅನುಮಾನ ಬರುತ್ತದೆ; ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲೂ ಇವನದೇ ಲೈನು, ದಿನವಿಡೀ ಟಿವಿ. ಇಷ್ಟನ್ನು ಅವನು ನಿಜಕ್ಕೂ ಯೋಚಿಸಿದನೋ, ಆಮೇಲೆ ಯೋಚಿಸಿದೆನೆಂದು ಹೇಳಿಕೊಂಡನೋ ತಿಳಿಯದು. ಮೇನ್ ಸ್ವಿಚ್ಚನ್ನೇ ಕೆಳಗೆಳೆದ. ಡಬ್ಬಗಳ ಕೆಂಪು ದೀಪಗಳು ಒಟ್ಟಿಗೆ ಕಣ್ಣು ಮುಚ್ಚಿದವು.

"ಏನ್ರೀ ಇದು!" ಹೆಂಡತಿ ಒಳಗಿನಿಂದ ಓಡಿಬಂದಳು. "ಮ್ಯಾಚ್ ನಡೀತಿದೆ, ಜನ ನಮ್ಮನ್ನ ಜೀವಸಹಿತ ಬಿಡ್ತಾರಾ?"

"ಹೊಲಿಗೆಯಮ್ಮನ ಮಗ..." ಎಂದ. ಮುಂದಿನದು ಬಾಯಿಗೆ ಬರಲಿಲ್ಲ. ಅವನ ಸಂಸಾರದಲ್ಲೇ ಅದು ಮೊದಲ ಅರ್ಧ ವಾಕ್ಯ. ಹೆಂಡತಿಗೆ ಉಳಿದರ್ಧ ಬೇಕಾಗಲಿಲ್ಲ. ಆಗಲೇ ದೂರಿನ ಫೋನು ಬಡಿದುಕೊಳ್ಳತೊಡಗಿತ್ತು. ಆಕೆ ಎತ್ತಿ, "ಆಂಪ್ಲಿಫೈಯರ್ ಸುಟ್ಟಿದೆ. ಯಜಮಾನ್ರು ಆಗಲೇ ಕಂಬ ಹತ್ತಿದ್ದಾರೆ," ಎಂದಳು. ಯಜಮಾನರು ಆ ಮಾತನ್ನು ನಿಜ ಮಾಡಲು ಏಣಿ ಹೊತ್ತುಕೊಂಡು ಓಡಿದರು.

ಹೊಲಿಗೆಯಮ್ಮನ ಮನೆಯೆದುರಿಗೇ ಒಂದು ಕಂಬವಿತ್ತು. ಅದಕ್ಕೇ ಏಣಿ ಒರಗಿಸಿ ಹತ್ತಿದ. ಮೇಲಿನಿಂದ ಬೀದಿಯ ಎರಡು ತುದಿಯೂ ಕಾಣುತ್ತಿತ್ತು. ಕೆಳಗೆ ಮಿಷನ್ನಿನ ಸದ್ದು ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

ಬಾಗಿಲುಗಳು ತೆರೆದುಕೊಂಡವು. "ಏನಣ್ಣಾ, ಕೊನೆ ಓವರಿನಲ್ಲೇ ನಿನ್ನ ಡಬ್ಬಕ್ಕೆ ಸಾವು ಬರಬೇಕಿತ್ತಾ?" ಎಂದ ಎದುರು ಮನೆಯ ಡ್ರೈವರು. "ಮೇಲೆ ನಿದ್ದೆ ಮಾಡ್ತಿದ್ದೀಯೋ ಹೇಗೆ?" ಎಂದಳು ಇನ್ನೊಬ್ಬಳು. ಬೀದಿಯ ಸಂಘದ ಅಧ್ಯಕ್ಷರು ಬನಿಯನ್ನಿನಲ್ಲೇ ಗೇಟಿನವರೆಗೆ ಬಂದರು. ಅವರನ್ನು ಹೆಂಡತಿಯೂ ಅಧ್ಯಕ್ಷರೇ ಎಂದು ಕರೆಯುತ್ತಿದ್ದರೆಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು.

"ನೋಡಯ್ಯ, ನಾನು ವೈಯಕ್ತಿಕವಾಗಿ ಕೇಳ್ತಿಲ್ಲ. ಸಂಘದ ಪರವಾಗಿ ಕೇಳ್ತಿದ್ದೀನಿ. ಲೈನ್ ಯಾವಾಗ ಬರತ್ತೆ?"

ಬೇರೆ ದಿನವಾದರೆ ಕೇಬಲ್ಲಣ್ಣ ಒಬ್ಬೊಬ್ಬರಿಗೂ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದ. ಆವತ್ತು ತಂತಿಗಳಲ್ಲಿ ಮುಖ ಹುದುಗಿಸಿಕೊಂಡ. ಕಣ್ಣು ಮಾತ್ರ ಟ್ಯಾಂಕಿನ ಕಡೆಯ ತಿರುವಿನಲ್ಲಿತ್ತು.

ಮಿಷನ್ನು ನಿಂತಿತು. ಹೊಲಿಗೆಯಮ್ಮ ಕೊರಳಲ್ಲಿ ಅಳತೆಪಟ್ಟಿ ಇಳಿಬಿಟ್ಟುಕೊಂಡೇ ಹೊರಗೆ ಬಂದರು.

"ಎಷ್ಟೊತ್ತಾಗತ್ತಪ್ಪಾ? ಯಾವುದೋ ಹೊಸ ಬೆಟ್ಟದ್ದು ತೋರಿಸ್ತೀವಿ ಅಂದಿದ್ರು."

"ಆಗತ್ತಮ್ಮ."

"ಏನಾಗಿದೆ?"

"ಸುಟ್ಟಿದೆ."

"ಏನು?"

"ಡಬ್ಬ."

ಆಕೆ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಒಂದೊಂದೇ ಪದ ಆಡುವ ಕೇಬಲ್ಲಣ್ಣನನ್ನು ಅವರು ಹಿಂದೆಂದೂ ಕಂಡಿರಲಿಲ್ಲ.

"ಕೆಳಗಿಳಿ."

"ಕೆಲಸ ಇದೆಯಮ್ಮ."

"ಏನು ಕೆಲಸ? ನಿನ್ನ ಕೈಯಲ್ಲಿ ಸ್ಕ್ರೂಡ್ರೈವರೇ ಇಲ್ವಲ್ಲೋ."

ನಿಜ. ಅವಸರದಲ್ಲಿ ಏಣಿಯೊಂದನ್ನೇ ಹೊತ್ತು ತಂದಿದ್ದ. ಇಳಿದು ಬಂದ. ಆಕೆ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದಂತೆ, "ಅವನ ಕಾಲಿಗೆ ಪೆಟ್ಟಾಗಿದೆಯಾ?" ಎಂದರು.

ಅವನು ನೆಲ ನೋಡಿದ.

"ಕೈಗಾ?"

ನೆಲವನ್ನೇ ನೋಡುತ್ತಿದ್ದ. ಮೂರನೆಯದನ್ನು ಆಕೆ ಕೇಳಲಿಲ್ಲ. ಏಣಿಯ ಮೆಟ್ಟಿಲೊಂದನ್ನು ಹಿಡಿದುಕೊಂಡು ನಿಂತರು. ಗೇಟುಗಳಲ್ಲಿ ನಿಂತವರಿಗೆ, ಆಕೆ ಏಣಿ ಅಲುಗಾಡದಂತೆ ಹಿಡಿದಿದ್ದಾರೆ ಎನ್ನಿಸಿರಬೇಕು.

"ಯಾರು ಹೇಳಿದ್ರು?"

"ಟಿವಿಯವರು. ಬರ್ತಿದ್ದಾರೆ. ಬೀದಿ ಯಾವುದು ಅಂತ ನಾನೇ ಬೊಗಳಿಬಿಟ್ಟೆನಮ್ಮ."

ಆಕೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಅವಳು ಕ್ಲಿನಿಕ್ಕಲ್ಲಿದ್ದಾಳೆ. ಯಾರ ಯಾರ ಬಾಯಲ್ಲೋ ಕೇಳಬಾರದು. ಕರ್ಕೊಂಡು ಬರ್ತೀನಿ. ಬಾಗಿಲು ಹಾಕ್ಕೊಂಡು ನಾನು ಹೇಳ್ತೀನಿ."

"ನಾನೂ ಬರ್ತೀನಮ್ಮ ಜೊತೆಗೆ."

"ನಿನ್ನ ಮುಖ ನೋಡಿದ್ರೆ ಅವಳಿಗೆ ಅಲ್ಲೇ ತಿಳಿದುಹೋಗತ್ತೆ. ನೀನು ಕಂಬದ ಮೇಲೇ ಇರು. ಲೈನೂ ಬಿಡಬೇಡ, ಬಾಯೂ ಬಿಡಬೇಡ."

ಒಳಗೆ ಹೋಗಿ ಮಿಷನ್ನಿಗೆ ಬಟ್ಟೆ ಮುಚ್ಚಿದರು. ಅಳತೆಪಟ್ಟಿ ತೆಗೆದಿಟ್ಟರು. ಬಾಗಿಲೆಳೆದು ಬೀಗ ಹಾಕಿ, ಬಿಸಿಲಿಗೆ ಛತ್ರಿ ಬಿಡಿಸಿ, ಅಂಗಡಿಗೆ ಹೊರಟವರ ಹಾಗೆ ಹೊರಟರು. ಟ್ಯಾಂಕಿನ ತಿರುವು ಮುಟ್ಟುವ ಹೊತ್ತಿಗೆ, ನೆತ್ತಿಯ ಮೇಲೆ ಡಿಶ್ಶು ಹೊತ್ತ ಚಾನೆಲ್ಲಿನ ವ್ಯಾನು ಎದುರಾಯಿತು. ಅದು ಆಕೆಯ ಪಕ್ಕದಲ್ಲೇ ನಿಂತದ್ದನ್ನು, ಮತ್ತೆ ಕಂಬ ಹತ್ತಿದ್ದ ಕೇಬಲ್ಲಣ್ಣ ಮೇಲಿನಿಂದ ಕಂಡ. ಅಲ್ಲಿ ನಡೆದ ಮಾತು ತಿರುವಿನ ಇಸ್ತ್ರಿಯವನಿಗೆ ಕೇಳಿಸಿತ್ತು.

"ಅಮ್ಮಾ, ಮಿಲಿಟರಿ ಹುಡುಗನ ಮನೆ ಯಾವುದು? ತಾಯಿ ಹೊಲಿಗೆ ಕೆಲಸ ಮಾಡ್ತಾರಲ್ಲ?" ವರದಿಗಾರ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ.

"ಆಯಮ್ಮ ಮನೇಲಿಲ್ಲ. ಹೊರಗೆ ಹೋಗಿದ್ದಾಳೆ."

"ಯಾವಾಗ ಬರ್ತಾರೆ?"

"ಬರ್ತಾಳೆ. ಕಾಯಿರಿ," ಎಂದು ಆಕೆ ಛತ್ರಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನಡೆದರು.

ವ್ಯಾನು ಬಂದು ಕಂಬದ ಬುಡದಲ್ಲೇ ನಿಂತಿತು. ವರದಿಗಾರ ಕೆಳಗೆ ಹಾರಿದ. "ಗುರು, ಸರಿಯಾಗಿ ಸಿಕ್ಕಿದ್ರಿ! ಯಾವ ಮನೆ? ಆಫೀಸಿನವರು ನನ್ನ ಕಿವಿ ಕಿತ್ತು ತಿಂತಿದ್ದಾರೆ."

ಮನೆ ಅವನ ಬೆನ್ನ ಹಿಂದೆಯೇ ಇತ್ತು. ಕೈ ಚಾಚಿದರೆ ಬಾಗಿಲು. ಆಗ ಕೇಬಲ್ಲಣ್ಣನಿಗೆ ಗೇಟಿನಲ್ಲಿ ಅಧ್ಯಕ್ಷರ ಬನಿಯನ್ನು ಕಂಡಿತು.

"ಮೊದಲು ಅಧ್ಯಕ್ಷರನ್ನ ಮಾತಾಡಿಸಿ," ಎಂದ. "ಹುಡುಗನ್ನ ಎತ್ತಿ ಆಡಿಸಿದವರು. ಅವರು ಮಾತಾಡದೆ ಈ ಬೀದೀಲಿ ಬೇರೆ ಯಾರೂ ಬಾಯಿ ಬಿಡಲ್ಲ."

ಅಧ್ಯಕ್ಷರು ಆ ಹುಡುಗನನ್ನು ಎತ್ತಿದ್ದು ಒಮ್ಮೆ ಮಾತ್ರ, ಕಿಟಕಿಯ ಗಾಜು ಒಡೆದಾಗ, ಕಿವಿ ಹಿಡಿದು. ಸುದ್ದಿ ಕೇಳಿ ಅವರ ಮುಖ ಕಳಚಿ ಬಿತ್ತು. "ಅಯ್ಯೋ, ನಮ್ಮ ಹುಡುಗನಾ?" ಎಂದು ಗೇಟಿನ ಸರಳು ಹಿಡಿದುಕೊಂಡರು. ಅದರಲ್ಲಿ ನಾಟಕವಿರಲಿಲ್ಲ. ಆಮೇಲೆ ಕ್ಯಾಮೆರಾ ಕಂಡಿತು. "ಒಂದು ನಿಮಿಷ," ಎಂದು ಒಳಗೆ ಹೋಗಿ ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದರು.

"ಈ ವೀರಪುತ್ರನ ತ್ಯಾಗವನ್ನ ಅರ್ಥ ಮಾಡ್ಕೋಬೇಕಾದ್ರೆ," ಎಂದು ಶುರುಮಾಡಿದರು, "ಮೊದಲು ಈ ಬೀದಿಗೆ ನೀರಿನ ಸಂಪರ್ಕ ಹೇಗೆ ಬಂತು ಅಂತ ತಿಳೀಬೇಕು."

ವರದಿಗಾರ ತಡೆಯಲು ನೋಡಿದ. ಅಧ್ಯಕ್ಷರನ್ನು ತಡೆದವರು ಈವರೆಗೆ ಹುಟ್ಟಿರಲಿಲ್ಲ.

ಅಷ್ಟರಲ್ಲಿ ಬೀದಿಗೆ ತಿಳಿದಿತ್ತು. ಮ್ಯಾಚಿಗಾಗಿ ಕೂಗಿದವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತರು. "ಆಯಮ್ಮ ಎಲ್ಲಿ?" ಎಂದು ಡ್ರೈವರು ಪಿಸುಗುಟ್ಟಿದ. ಕೇಬಲ್ಲಣ್ಣ ಮೇಲಿನಿಂದ ತುಟಿಯ ಮೇಲೆ ಬೆರಳಿಟ್ಟ. ಸೊಸೆಯನ್ನು ಕರೆತರಲು ಹೋಗಿದ್ದಾರೆಂದು, ದಾರಿಯಲ್ಲಿ ಆಕೆಯನ್ನು ಕಂಡು ಬಂದಿದ್ದ ಅವನ ಹೆಂಡತಿ ಒಬ್ಬರ ಕಿವಿಯಲ್ಲಿ ಹೇಳಿದಳು, ಅದು ಮುಂದಿನ ಕಿವಿಗೆ ಹೋಯಿತು. ಗುಟ್ಟು ಎಂಬುದು ಒಳಗೇ ಉಳಿದದ್ದು ನಮ್ಮ ಬೀದಿಯ ಇತಿಹಾಸದಲ್ಲಿ ಅದೊಂದೇ ಸಲ.

ಹೀಗಿರುವಾಗ ತಿರುವಿನಲ್ಲಿ ಛತ್ರಿ ಕಾಣಿಸಿತು. ಅದರಡಿ ಇಬ್ಬರು.

ಇನ್ನು ಅರ್ಧ ನಿಮಿಷದಲ್ಲಿ ಅವರು ಈ ಗುಂಪಿನ ಪಕ್ಕದಲ್ಲೇ ಹಾದುಹೋಗಬೇಕು. ಗುಂಪು ತಿರುಗಿ ನೋಡುತ್ತದೆ. ಅಷ್ಟು ಜನರ ಕಣ್ಣು ಒಟ್ಟಿಗೆ ತನ್ನ ಮೇಲೆ ಬಿದ್ದರೆ ಸೊಸೆಗೆ ಮಾತು ಬೇಕಾಗುವುದಿಲ್ಲ. ಹೇಳಬಾರದೆಂದು ಕಚ್ಚಿ ಹಿಡಿದಿದ್ದ ಬಾಯನ್ನು ಕೇಬಲ್ಲಣ್ಣ ಬಿಚ್ಚಿದ.

"ಲೈವ್ ಹೋಗ್ತಿದೆ! ಇಡೀ ದೇಶ ನೋಡ್ತಿದೆ! ಎಲ್ಲರೂ ಕ್ಯಾಮೆರಾ ಕಡೆ ನೋಡ್ರೀ!"

ಗುಂಪು ಕ್ಯಾಮೆರಾದ ಕಡೆ ತಿರುಗಿತು. ಕೆಲವರು ಅರ್ಥ ಮಾಡಿಕೊಂಡು ತಿರುಗಿದರು, ಕೆಲವರು ಇಡೀ ದೇಶಕ್ಕಾಗಿ ತಿರುಗಿದರು. ಮುಖಗಳಂತೂ ಒಂದೇ ದಿಕ್ಕಿಗಿದ್ದವು. ಅಧ್ಯಕ್ಷರು ಕೋಟಿನ ಗುಂಡಿ ಹಾಕಿಕೊಂಡರು. ಅವರ ಹಿಂದಿನಿಂದ ಛತ್ರಿ ಹಾದುಹೋಯಿತು.

"ಏನತ್ತೆ ಇದು, ಕ್ಯಾಮೆರಾ?" ಎಂದಳು ಸೊಸೆ.

"ಅಧ್ಯಕ್ಷರಿಗೆ ಏನೋ ಸನ್ಮಾನವಂತೆ. ಬಾ."

"ಕೋಟು ಬೇರೆ! ಈ ಬಿಸಿಲಲ್ಲಿ!" ಎಂದು ಅವಳು ನಕ್ಕಳು. ಅತ್ತೆ ಅವಳ ಮುಂಗೈ ಬಿಡಲಿಲ್ಲ. ಬೀಗ ತೆರೆಯಿತು. ಬಾಗಿಲು ಒಳಗಿನಿಂದ ಹಾಕಿಕೊಂಡಿತು.

ವರದಿಗಾರ ಆಗ ತಿರುಗಿ ನೋಡಿದ. ಛತ್ರಿಯನ್ನು ಎಲ್ಲೋ ಕಂಡ ನೆನಪು. "ಗುರು," ಎಂದ ಮೆಲ್ಲಗೆ, "ಆಗ ಸಿಕ್ಕ ಆಯಮ್ಮನೇ ಅಲ್ವಾ?"

ಕೇಬಲ್ಲಣ್ಣ ಇಳಿದು ಬಂದು ಆ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಏಣಿ ಬಾಗಿಲಿಗೆ ಅಡ್ಡವಿತ್ತು. ಒಳಗೆ ಸದ್ದಿರಲಿಲ್ಲ. ಆಮೇಲೆ ಒಂದು ಸದ್ದು ಬಂತು. ಅಧ್ಯಕ್ಷರು ವಾಕ್ಯದ ನಡುವೆಯೇ ನಿಂತುಹೋದರು. ವರದಿಗಾರನ ಕಿವಿಯ ಯಂತ್ರದಲ್ಲಿ ಯಾರೋ "ತಾಯಿ ಸಿಕ್ಕಳಾ? ತಾಯಿ?" ಎಂದು ಅರಚುತ್ತಿದ್ದದ್ದು ಪಕ್ಕದಲ್ಲಿದ್ದವರಿಗೂ ಕೇಳಿಸಿತು. ಅವನು ಆ ಯಂತ್ರವನ್ನು ಕಿವಿಯಿಂದ ಕಿತ್ತು ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ಸೇನೆಯ ಜೀಪು ತಿರುವಿಗೆ ಬಂತು. ಕೇಬಲ್ಲಣ್ಣ ಎದ್ದು ಏಣಿ ಪಕ್ಕಕ್ಕೆ ಸರಿಸಿದ.

ಸಂಜೆ ಲೈನು ಬಂತು. ತಾಯಿಯ ಕಣ್ಣೀರು ಸಿಗದ ಚಾನೆಲ್ಲು ಅಧ್ಯಕ್ಷರನ್ನೇ ಮತ್ತೆ ಮತ್ತೆ ತೋರಿಸಿತು, ಸಂಗೀತದ ಸಮೇತ. ಅವರು ವೀರ, ತ್ಯಾಗ, ನೀರಿನ ಸಂಪರ್ಕ ಎನ್ನುತ್ತಿದ್ದಾಗ ಎಡಭುಜದ ಹಿಂದೆ ಒಂದು ಛತ್ರಿ ಹಾದುಹೋಗುತ್ತಿತ್ತು. ಅದರಡಿ ಒಬ್ಬ ಹುಡುಗಿ ನಗುತ್ತಿದ್ದಳು. ದೇಶದಲ್ಲಿ ಬೇರೆ ಯಾರೂ ಅದನ್ನು ಗಮನಿಸಿರಲಾರರು. ನಮ್ಮ ಬೀದಿಯಲ್ಲಿ ಒಂದೊಂದೇ ಮನೆಯವರು ಎದ್ದು ಟಿವಿ ಆರಿಸಿದರು.