ಈಜು ಬಾರದ ಕಳ್ಳನ ಆಟ

ಅನುಮಾನ ನನ್ನ ಹುಟ್ಟುಗುಣ. ಹಂಗಾರಕಟ್ಟೆಯಲ್ಲಿ ನಮ್ಮದು ಮೀನು ಮಾರುವ ಮನೆ. ಬೇರೆಯವರ ಬುಟ್ಟಿಯ ಮೀನನ್ನು ಕಿವಿರು ಎತ್ತಿ ನೋಡದೆ ಅಮ್ಮ ಯಾವತ್ತೂ ಕೊಂಡವಳಲ್ಲ. ನಾನು ಸಿಡಿಗಳನ್ನೂ ಹಾಗೇ ನೋಡುತ್ತಿದ್ದೆ.

ಕಾರು ಕದ್ದು, ಪೊಲೀಸರಿಂದ ತಪ್ಪಿಸಿಕೊಂಡು ಊರೆಲ್ಲ ತಿರುಗುವ ಆ ಕಂಪ್ಯೂಟರ್ ಆಟದ ಭಾಗಗಳಲ್ಲಿ ಯಾವುದು ಮೇಲು ಎಂದು ಹುಡುಗರು ಇವತ್ತಿಗೂ ಜಗಳವಾಡುತ್ತಾರೆ. ಮೊದಲಿನದರಲ್ಲಿ ಎಲ್ಲವನ್ನೂ ಮಾಡಿನ ಮೇಲೆ ಕೂತು ನೋಡಿದ ಹಾಗೆ, ಮನುಷ್ಯರು ಇರುವೆಯಷ್ಟು. ಮೂರನೆಯದರಲ್ಲಿ ಊರು ಎದ್ದು ನಿಂತಿತು, ಆದರೆ ನಾಯಕನಿಗೆ ಮಾತೇ ಇಲ್ಲ. ಅದರ ನಂತರದ್ದು ಕಡಲತಡಿಯ ಊರು: ಬಣ್ಣದ ಅಂಗಿ, ರೇಡಿಯೋ ಹಾಡು, ಬೈಕು, ಬೋಟು. ನನಗೆ ಅದೇ ಇಷ್ಟ. ಪಕ್ಕದ ಮನೆಯ ಗೆಳೆಯ ಮಾತ್ರ ಒಪ್ಪುತ್ತಿರಲಿಲ್ಲ. ಬೋಟು ಓಡಿಸುವ ಗಂಡಸು ನೀರಿಗೆ ಬಿದ್ದ ಕೂಡಲೇ ಸಾಯುತ್ತಾನಲ್ಲ, ಇವನೆಂಥ ಕಳ್ಳ ಎಂದು ನಗುತ್ತಿದ್ದ. ಶಾಲೆಗೆ ಸೇರುವ ಮೊದಲೇ ಹೊಳೆಯಲ್ಲಿ ಈಜು ಕಲಿತವರು ನಾವು. ಮುಂದಿನ ಭಾಗದಲ್ಲಿ ನಾಯಕ ಈಜುತ್ತಾನಂತೆ ಎಂಬ ಸುದ್ದಿ ಬಂದದ್ದೇ ತಡ, ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕುಂದಾಪುರದಿಂದ ಅದರ ಸಿಡಿಯನ್ನು ಅವನೇ ತಂದ. ಕಂಪ್ಯೂಟರ್ ಇದ್ದದ್ದು ನಮ್ಮ ಮನೆಯಲ್ಲಿ. ಕವರಿನ ಮೇಲೆ ಹೊಸ ಹೆಸರು, ಹೊಸ ಚಿತ್ರ. ನಾನು ನಂಬಲಿಲ್ಲ, ಆಟ ಶುರುವಾದ ಕೂಡಲೇ ಕಾರನ್ನು ನೇರ ಕಡಲಿಗೆ ಬಿಟ್ಟೆ. ನಾಯಕ ಮುಳುಗಿ ಸತ್ತ. ಒಳಗಿದ್ದದ್ದು ಹಳೆಯ ಆಟವೇ. ಕೋಟೇಶ್ವರದಲ್ಲಿದ್ದ ಅವನ ಮಾವನ ಮನೆಯಲ್ಲೂ ಒಂದು ಕಂಪ್ಯೂಟರ್ ಇತ್ತು. ಅಸಲಿಯನ್ನು ಅಲ್ಲಿಟ್ಟು ನಕಲಿಯನ್ನು ನನ್ನ ತಲೆಗೆ ಕಟ್ಟಿದ್ದಾನೆ ಎಂದು ನನ್ನ ಬುದ್ಧಿ ಕ್ಷಣದಲ್ಲಿ ತೀರ್ಪು ಕೊಟ್ಟಿತು. ಅಂಗಡಿಯವ ಕೊಟ್ಟದ್ದೇ ಇದು ಎಂದು ಅವನು ಆಣೆ ಮಾಡಿದ. ನಾನು ಅವನನ್ನು ಕಳ್ಳ ಎಂದೆ. ಅವನು ಎದ್ದು ಹೋದ.

ತಿಂಗಳೊಳಗೆ ಮುಂಬೈಯಿಂದ ಅಣ್ಣ ಅಸಲಿ ಸಿಡಿ ತಂದ. ನಕಲಿಯನ್ನು ನೋಡಿ, ಇಂಥವು ಅಲ್ಲಿಯ ಫುಟ್‌ಪಾತಿನಲ್ಲೂ ರಾಶಿ ಬಿದ್ದಿವೆ, ಎಷ್ಟೋ ಜನ ಮೋಸ ಹೋಗಿದ್ದಾರೆ ಎಂದ. ನನಗೆ ನಾಚಿಕೆಯಾಯಿತು. ತಪ್ಪಾಯ್ತು ಎನ್ನಲು ಬಾಯಿ ಬರಲಿಲ್ಲ. ಹೊಸ ಆಟ ನೋಡಲು ಬಾ ಎಂದು ಗೆಳೆಯನನ್ನು ಕರೆದೆ. ಅವನು ಬಂದ, ನಾಯಕ ಈಜುವುದನ್ನು ಸುಮ್ಮನೆ ಕೂತು ನೋಡಿದ, ಹೋದ. ಮರುದಿನ ಸಿಡಿ ಇರಲಿಲ್ಲ. ಅಣ್ಣನನ್ನು, ಅಮ್ಮನನ್ನು, ಬಂದುಹೋದ ನೆಂಟರನ್ನು, ಎಲ್ಲರನ್ನೂ ಅನುಮಾನಿಸಿದೆ. ಅವನ ಹೆಸರು ನಾಲಗೆಯ ತುದಿಗೆ ಬಂದಾಗಲೆಲ್ಲ, ಮತ್ತೆ ಆ ತಪ್ಪು ಬೇಡವೆಂದು ನುಂಗಿಕೊಂಡೆ.

ಕೆಲವು ವರ್ಷದ ಮೇಲೆ ಬಂದ ಅದರ ಮುಂದಿನ ಭಾಗದಲ್ಲಿ ಕಾರುಗಳು ಅಕ್ಕಿಮೂಟೆ ಹೇರಿದ ಹಾಗೆ ಭಾರ. ನಾಯಕನ ನೆಂಟನೊಬ್ಬ ಗಳಿಗೆಗೊಮ್ಮೆ ಫೋನ್ ಮಾಡಿ ತಲೆ ತಿನ್ನುತ್ತಿದ್ದ. ಅದನ್ನು ಒಬ್ಬನೇ ಆಡಿದೆ. ಆಮೇಲಿನದರಲ್ಲಿ ಮೂವರು ನಾಯಕರು, ಕಡಲಿನ ತಳದವರೆಗೂ ಮುಳುಗಬಹುದು. ಅಷ್ಟರಲ್ಲಿ ನಮ್ಮಿಬ್ಬರಿಗೂ ಮದುವೆಯಾಗಿತ್ತು. ಅದನ್ನು ತೋರಿಸಲು ಅವನನ್ನು ಮನೆಗೆ ಕರೆದು, ಕೊನೆಗೂ ಬಾಯಿಬಿಟ್ಟೆ: ಅವತ್ತು ಆ ನಕಲಿ ಸಿಡಿಯ ವಿಷಯದಲ್ಲಿ ನಿನ್ನ ಮೇಲೆ ಸುಮ್ಮಸುಮ್ಮನೆ ಅನುಮಾನಪಟ್ಟೆ, ತಪ್ಪಾಯ್ತು.

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಿನ್ನ್ ಅಣ್ಣ ತಂದ ಸಿಡಿ ನಾನೇ ಕೊಂಡ್ ಹೋದ್ದ್" ಎಂದ.

ಹಾಗಾದರೆ ನನ್ನ ಅನುಮಾನ ಸರಿಯೇ ಇತ್ತಲ್ಲ ಎಂದೆ. ಒಳಗೊಳಗೇ ಸಮಾಧಾನವೂ ಆಯಿತು, ಸುಳ್ಳು ಹೇಳುವುದಿಲ್ಲ.

"ಇಲ್ಲ ಮಾರಾಯ" ಎಂದ ಅವನು. "ನೀ ಕಳ್ಳ ಅಂದದ್ದ್ ಮುಂಚೆ. ನಾ ಕದ್ದದ್ದ್ ಕಡಿಕೆ."